ನಗೆಯ ಕೊನೆಯ ಸರಣಿಗಳು: 'ಮ್ಯಾಶ್' ಧಾರಾವಾಹಿಯ ಒಂದು ಮರುವೀಕ್ಷಣೆ

1

ಟೆಲಿವಿಷನ್ನಿನ ಹಾಸ್ಯ ಧಾರಾವಾಹಿಯನ್ನು ಒಂದು ಕೃತಿಯೆಂದು ಭಾವಿಸಿ ಓದುವ ರೂಢಿ ಕನ್ನಡ ವಿಮರ್ಶೆಯಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಅದರ ಜನಪ್ರಿಯತೆಯನ್ನು ಕುರಿತು ಮಾತನಾಡುತ್ತೇವೆ, ಅಭಿರುಚಿಯ ಮೇಲೆ ಅದು ಬೀರುವ ಪರಿಣಾಮವನ್ನು ಕುರಿತು ಆತಂಕಪಡುತ್ತೇವೆ. ಅದರ ಆಕೃತಿಯನ್ನು ಕುರಿತು ಮಾತ್ರ ಮೌನವಾಗಿರುತ್ತೇವೆ. ಪ್ರಸ್ತುತ ಲೇಖನ ಆಕೃತಿಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ದೀರ್ಘಕಾಲ ನಡೆದ ಹಾಸ್ಯ ಧಾರಾವಾಹಿಯೊಂದರ ಕೊನೆಯ ವರ್ಷಗಳನ್ನು 'ಇಳಿಗಾಲ'ವೆಂದು ತೀರ್ಮಾನಿಸುವಾಗ ನಾವು ಯಾವ ಭಾಷೆಯೊಳಗೆ ನಿಂತು ಆ ತೀರ್ಮಾನಕ್ಕೆ ಬರುತ್ತೇವೆ?

ನಮ್ಮ ಪರಿಶೀಲನೆಯ ವಸ್ತು ಅಮೆರಿಕದ 'ಮ್ಯಾಶ್'. ಹೆಸರು ಒಂದು ಸಂಕ್ಷಿಪ್ತರೂಪ. ಸಂಚಾರಿ ಸೇನಾ ಶಸ್ತ್ರಚಿಕಿತ್ಸಾಲಯ ಎಂಬುದು ಅದರ ಅರ್ಥ. ರಿಚರ್ಡ್ ಹೂಕರ್ ಎಂಬ ಹೆಸರಿನಲ್ಲಿ 1968ರಲ್ಲಿ ಪ್ರಕಟವಾದ ಕಾದಂಬರಿ 1970ರಲ್ಲಿ ರಾಬರ್ಟ್ ಆಲ್ಟ್‌ಮನ್ನರ ಚಲನಚಿತ್ರವಾಯಿತು. 1972ರ ಸೆಪ್ಟೆಂಬರಿನಿಂದ 1983ರ ಫೆಬ್ರವರಿಯವರೆಗೆ ಸಿ.ಬಿ.ಎಸ್. ಜಾಲದಲ್ಲಿ ಧಾರಾವಾಹಿಯಾಗಿ ನಡೆಯಿತು. ಒಟ್ಟು ಹನ್ನೊಂದು ಸರಣಿಗಳು, 256 ಕಂತುಗಳು. ಕೊರಿಯಾ ಯುದ್ಧದ ಮುಂಚೂಣಿಯ ಸಮೀಪ ಡೇರೆಗಳಲ್ಲಿ ನಡೆಯುವ 4077ನೆಯ ಆಸ್ಪತ್ರೆ ಇದರ ಆವರಣ. ಅಲ್ಲಿನ ವೈದ್ಯರು, ದಾದಿಯರು, ಗುಮಾಸ್ತ, ಪಾದ್ರಿ ಇದರ ಪಾತ್ರಗಳು.

ಈ ಧಾರಾವಾಹಿಯ ಕೊನೆಯ ನಾಲ್ಕು ಸರಣಿಗಳನ್ನು ನಾವು ನಾಗಪುರದ ಮನೀಶ್ ನಗರದ ಮನೆಯೊಂದರಲ್ಲಿ, ಡಿವಿಡಿಗಳ ಮೂಲಕ, ಒಂದು ಮಳೆಗಾಲದ ಸಂಜೆಗಳಲ್ಲಿ ಮತ್ತೆ ನೋಡಿದೆವು. ವರ್ಧಾ ರಸ್ತೆಯಿಂದ ರೈಲುಹಳಿ ದಾಟಿ ಬರುವ ಈ ಬಡಾವಣೆಯಲ್ಲಿ ಬೀದಿಯ ಮಾತು ಮರಾಠಿ ಮತ್ತು ಹಿಂದಿ. ಕನ್ನಡ ಮನೆಯೊಳಗಿನ ಮಾತು. ನಮ್ಮೊಡನೆ ನೋಡುತ್ತಿದ್ದವರಲ್ಲಿ ಧಾರವಾಡದ ಕಡೆಯ ಇಬ್ಬರು ಹಿರಿಯರಿದ್ದರು. ಅವರಿಗೆ ಇಂಗ್ಲಿಷ್ ಅಪರಿಚಿತವಲ್ಲ, ಆದರೆ ಅಮೆರಿಕನ್ ಸಂಭಾಷಣೆಯ ವೇಗ ಒಗ್ಗದು. ಆದುದರಿಂದ ಪ್ರತಿಯೊಂದು ಕಂತನ್ನೂ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಗುತ್ತಿತ್ತು. ಹೋಲಿಕೆಗೆಂದು ಮೊದಲ ಮೂರು ಸರಣಿಗಳ ಕೆಲವು ಕಂತುಗಳನ್ನೂ ಹೀಗೆಯೇ ನೋಡಿದೆವು. ಈ ಹೇಳುವ ಕ್ರಿಯೆಯೇ ನಮಗೆ ವಿಮರ್ಶೆಯ ಉಪಕರಣವಾಗಿ ಒದಗಿತು ಎಂಬುದನ್ನು ಆರಂಭದಲ್ಲಿಯೇ ತಿಳಿಸುವುದು ಉಚಿತ.

2

'ಮ್ಯಾಶ್' ಕುರಿತು ಇಂಗ್ಲಿಷಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ಒಂದು ಅಭಿಪ್ರಾಯವಿದೆ. ಮೊದಲ ಸರಣಿಗಳು ಚುರುಕಾದವು, ನಿರ್ಲಜ್ಜವಾದವು, ನಿಜವಾದ ಹಾಸ್ಯವುಳ್ಳವು. ಕೊನೆಯವು ಉಪದೇಶಪ್ರಧಾನ, ಭಾವುಕ, ಮಂದಗತಿಯವು ಎಂಬುದು ಅದರ ಸಾರಾಂಶ. ಈ ಅಭಿಪ್ರಾಯಕ್ಕೆ ಬಾಹ್ಯವಾದ ಆಧಾರಗಳೂ ಉಂಟು. ಧಾರಾವಾಹಿಯನ್ನು ರೂಪಿಸಿದ ಲೇಖಕ ಲ್ಯಾರಿ ಗೆಲ್ಬಾರ್ಟ್ ನಾಲ್ಕನೆಯ ಸರಣಿಯ ಬಳಿಕ ಹೊರನಡೆದರು. ಜೀನ್ ರೆನಾಲ್ಡ್ಸ್ ಐದನೆಯದರ ಬಳಿಕ. ಪಾತ್ರಗಳೂ ಬದಲಾದವು. ಸಡಿಲ ಸ್ವಭಾವದ ಕರ್ನಲ್ ಹೆನ್ರಿ ಬ್ಲೇಕ್ 1975ರಲ್ಲಿ ಸತ್ತು, ಆ ಸ್ಥಾನಕ್ಕೆ ಹಳೆಯ ಕುದುರೆ ದಳದ ಕರ್ನಲ್ ಪಾಟರ್ ಬಂದರು. ನಗೆಪಾಟಲಿನ ಮೇಜರ್ ಫ್ರ್ಯಾಂಕ್ ಬರ್ನ್ಸ್ 1977ರಲ್ಲಿ ಹೋಗಿ, ಬಾಸ್ಟನ್ನಿನ ಕುಲೀನ ಶಸ್ತ್ರವೈದ್ಯ ವಿಂಚೆಸ್ಟರ್ ಬಂದನು. ಗುಮಾಸ್ತ ರೇಡಾರ್ 1979ರಲ್ಲಿ ಊರಿಗೆ ಮರಳಿದ ಮೇಲೆ, ಸೇನೆಯಿಂದ ಬಿಡುಗಡೆ ಪಡೆಯಲು ಹೆಣ್ಣುಡುಗೆ ತೊಟ್ಟು ಹುಚ್ಚನಂತೆ ನಟಿಸುತ್ತಿದ್ದ ಕ್ಲಿಂಗರ್ ಆ ಉಡುಗೆಗಳನ್ನು ಬಿಟ್ಟು ಗುಮಾಸ್ತನ ಮೇಜಿಗೆ ಕುಳಿತನು.

ಮೇಲ್ನೋಟಕ್ಕೆ ಇವೆಲ್ಲ ಹಾಸ್ಯದ ನಷ್ಟಗಳೇ. ಆದರೆ ಕನ್ನಡದಲ್ಲಿ ಹೇಳಲು ತೊಡಗಿದಾಗ ಬೇರೊಂದು ಸಂಗತಿ ಎದುರಾಯಿತು. ಮೊದಲ ಸರಣಿಗಳನ್ನು ಹೇಳಲು ಬರುತ್ತಿರಲಿಲ್ಲ. ನಾಯಕ ಹಾಕ್‌ಐ ಪಿಯರ್ಸ್‌ನ ಮಾತಿನ ಹಾಸ್ಯವೆಲ್ಲ ಇಂಗ್ಲಿಷಿನ ಶ್ಲೇಷೆಯ ಮೇಲೆ, ಗ್ರೌಚೊ ಮಾರ್ಕ್ಸ್ ಮಾದರಿಯ ಪ್ರತಿನುಡಿಯ ಮೇಲೆ ನಿಂತದ್ದು. ಒಂದು ಶ್ಲೇಷೆಯನ್ನು ಬಿಡಿಸಿ ಹೇಳುವಷ್ಟರಲ್ಲಿ ತೆರೆಯ ಮೇಲೆ ಮೂರು ಶ್ಲೇಷೆಗಳು ಸಂದಿರುತ್ತಿದ್ದವು. ಹಿರಿಯ ದಾದಿ ಮಾರ್ಗರೆಟ್‌ಳಿಗೆ ಇಟ್ಟಿದ್ದ ಅಡ್ಡಹೆಸರನ್ನಂತೂ ಮನೆಯ ಹಿರಿಯರ ಮುಂದೆ ಕನ್ನಡಕ್ಕೆ ತರುವುದು ಸಾಧ್ಯವೇ ಇರಲಿಲ್ಲ. "ಇದರಾಗ ನಗೋದೇನದ?" ಎಂದು ನಮ್ಮ ಹಿರಿಯರು ಕೇಳಿದ್ದು ಸಹಜವಾಗಿತ್ತು. ಕೊನೆಯ ಸರಣಿಗಳಲ್ಲಿ ಈ ತೊಡಕು ಕಡಿಮೆಯಾಯಿತು. ಅಡ್ಡಹೆಸರು ಬಹುಮಟ್ಟಿಗೆ ಮರೆಯಾಗಿ ಮಾರ್ಗರೆಟ್ ಮಾರ್ಗರೆಟ್ ಆಗಿಯೇ ಉಳಿದಳು. ಹಾಸ್ಯ ಮಾತಿನಿಂದ ಪ್ರಸಂಗಕ್ಕೆ, ಪ್ರಸಂಗದಿಂದ ಸ್ವಭಾವಕ್ಕೆ ಸರಿಯಿತು. ಸ್ವಭಾವವನ್ನು ಯಾವ ಭಾಷೆಯಲ್ಲಿಯಾದರೂ ಹೇಳಬಹುದು.

ಇಲ್ಲಿ ಟಿ.ಪಿ. ಕೈಲಾಸಂ ಅವರನ್ನು ನೆನೆಯುವುದು ಅಪ್ರಸ್ತುತವಾಗದು. ಕೈಲಾಸಂ ತಮ್ಮ ಸಾಮಾಜಿಕ ಹಾಸ್ಯ ನಾಟಕಗಳನ್ನು ಕನ್ನಡದಲ್ಲಿ, ಅದರಲ್ಲಿಯೂ ಇಂಗ್ಲಿಷ್ ಬೆರೆತ ಬೆಂಗಳೂರಿನ ಆಡುಗನ್ನಡದಲ್ಲಿ ಬರೆದರು. ಏಕಲವ್ಯನ, ಕರ್ಣನ ದುರಂತಗಳನ್ನು ಇಂಗ್ಲಿಷಿನಲ್ಲಿ ಬರೆದರು. ಇದನ್ನು ಕೇವಲ ವೈಯಕ್ತಿಕ ಆಯ್ಕೆಯೆಂದು ನೋಡುವುದುಂಟು. ಆದರೆ ನಗೆ ತಾನು ಹುಟ್ಟಿದ ಭಾಷೆಯ ಒಳಗೇ ನೆಲೆಸಬಯಸುತ್ತದೆ, ದುಃಖ ಭಾಷೆಯ ಗಡಿ ದಾಟಬಲ್ಲದು ಎಂಬ ಅರಿವು ಆ ಆಯ್ಕೆಯ ಹಿಂದೆ ಇದ್ದಿರಬಹುದು. 'ಟೊಳ್ಳುಗಟ್ಟಿ'ಯ ಮಾತುಗಾರಿಕೆಯನ್ನು ಮರಾಠಿಗೋ ಹಿಂದಿಗೋ ತರಲು ಹೊರಟವರು ಈ ಕಷ್ಟವನ್ನು ಬಲ್ಲರು. ಹಾಗಿದ್ದರೆ 'ಮ್ಯಾಶ್'ನ ಕೊನೆಯ ಸರಣಿಗಳು ಕನ್ನಡಕ್ಕೆ ಬಂದದ್ದು ಅವು ಹಾಸ್ಯವನ್ನು ಬಿಟ್ಟು ದುಃಖವನ್ನು ಹಿಡಿದುದರಿಂದಲೇ? ಈ ಸರಳ ಉತ್ತರವನ್ನು ಕಂತುಗಳೇ ಒಪ್ಪುವುದಿಲ್ಲ.

3

ಉದಾಹರಣೆಗೆ ಒಂಬತ್ತನೆಯ ಸರಣಿಯಲ್ಲಿ, 1980ರ ಡಿಸೆಂಬರಿನಲ್ಲಿ ಪ್ರಸಾರವಾದ 'ಡೆತ್ ಟೇಕ್ಸ್ ಎ ಹಾಲಿಡೇ' ಎಂಬ ಕಂತನ್ನು ನೋಡಬಹುದು. ಅದರಲ್ಲಿ ಎರಡು ಎಳೆಗಳಿವೆ. ಮೊದಲನೆಯದು ವಿಂಚೆಸ್ಟರ್‌ನದು. ಅವನ ಮನೆತನದ ಸಂಪ್ರದಾಯದಂತೆ ಕ್ರಿಸ್‌ಮಸ್ ದಾನ ಗುಪ್ತವಾಗಿರಬೇಕು. ಮನೆಯಿಂದ ಬಂದ ಬೆಲೆಬಾಳುವ ಚಾಕೊಲೇಟುಗಳನ್ನು ಅವನು ಇರುಳಿನಲ್ಲಿ ಅನಾಥಾಲಯಕ್ಕೆ ಮುಟ್ಟಿಸಿ, ಯಾರಿಗೂ ಹೇಳಬಾರದೆಂದು ಕಟ್ಟಪ್ಪಣೆ ಮಾಡುತ್ತಾನೆ. ಆ ಚಾಕೊಲೇಟುಗಳು ಕಾಳಸಂತೆಯಲ್ಲಿ ಮಾರಾಟವಾದುದು ತಿಳಿದಾಗ ಕೆರಳಿ ಅನಾಥಾಲಯದ ಮುಖ್ಯಸ್ಥನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಆತ ಶಾಂತವಾಗಿ ಉತ್ತರಿಸುತ್ತಾನೆ: ಆ ಹಣದಿಂದ ಮಕ್ಕಳಿಗೆ ತಿಂಗಳಿಗಾಗುವಷ್ಟು ಅಕ್ಕಿ ಮತ್ತು ಎಲೆಕೋಸು ಬಂದಿದೆ. ಊಟವನ್ನೇ ಕಾಣದ ಮಗುವಿಗೆ ಸಿಹಿ ತಿನ್ನಿಸಲು ಹೊರಟ ತನ್ನ ದಾನದ ಅವಿವೇಕ ವಿಂಚೆಸ್ಟರ್‌ನಿಗೆ ಅಲ್ಲಿ ಹೊಳೆಯುತ್ತದೆ. ಈ ಮಾತನ್ನು ಮರೆಯಲ್ಲಿ ಕೇಳಿಸಿಕೊಂಡ ಕ್ಲಿಂಗರ್, ಆ ರಾತ್ರಿ ಹಬ್ಬದೂಟದಲ್ಲಿ ಉಳಿದುದನ್ನು ತಟ್ಟೆಯಲ್ಲಿಟ್ಟು ತಂದು, ಇದನ್ನು ಕಳಿಸಿದವರ ಹೆಸರು ಗುಪ್ತವಾಗಿರಬೇಕು ಎನ್ನುತ್ತಾನೆ. ಅಲ್ಲಿ ಮೇಜರ್ ಮತ್ತು ಗುಮಾಸ್ತ ಪರಸ್ಪರ ಮೊದಲ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ.

ಇದು ಶುದ್ಧ ಹಾಸ್ಯದ ಹೆಣಿಗೆ. ದರ್ಪಕ್ಕೆ ಪೆಟ್ಟು, ಪೆಟ್ಟಿನ ಬಳಿಕ ಅದೇ ಮಾತಿನ ತಿರುಗುಬಾಣ. ಆದರೆ ಇದರಲ್ಲಿ ಒಂದೂ ಶ್ಲೇಷೆಯಿಲ್ಲ. ಕನ್ನಡದಲ್ಲಿ ಹೇಳುವಾಗ ಕೊನೆಯ ಸಂಬೋಧನೆಗೆ 'ನೀವು' ಎಂಬುದರಿಂದ 'ನೀನು' ಎಂಬುದಕ್ಕೆ ಇಳಿದರೆ ಸಾಕಾಯಿತು. ಇಂಗ್ಲಿಷ್ ಹೆಸರುಗಳ ಮೂಲಕ ಸಾಧಿಸಿದ ಸಲಿಗೆಯನ್ನು ಕನ್ನಡ ಸರ್ವನಾಮದ ಮೂಲಕ ಪಡೆದುಕೊಂಡಿತು. ಅನುವಾದದಲ್ಲಿ ಏನೂ ಸೋರಲಿಲ್ಲ.

ಎರಡನೆಯ ಎಳೆ ಇನ್ನೂ ಗಮನಾರ್ಹ. ಬದುಕಿ ಉಳಿಯಲಾರದ ಸೈನಿಕನೊಬ್ಬನನ್ನು ಆಸ್ಪತ್ರೆಗೆ ತರುತ್ತಾರೆ. ಅವನ ಜೇಬಿನಲ್ಲಿ ಹೆಂಡತಿ ಮಕ್ಕಳ ಚಿತ್ರವಿದೆ. ಆ ಮಕ್ಕಳಿಗೆ ಕ್ರಿಸ್‌ಮಸ್ ಎಂದರೆ ತಂದೆ ಸತ್ತ ದಿನವಾಗಬಾರದೆಂದು ಡಾ. ಬಿ.ಜೆ. ಹನಿಕಟ್, ಹಾಕ್‌ಐ ಮತ್ತು ಮಾರ್ಗರೆಟ್ ಅವನನ್ನು ಮಧ್ಯರಾತ್ರಿ ದಾಟುವವರೆಗೆ ಉಳಿಸಲು ಹೆಣಗುತ್ತಾರೆ. ಹನ್ನೆರಡಕ್ಕೆ ಮೊದಲೇ ಅವನ ಪ್ರಾಣ ಹೋಗುತ್ತದೆ. ಹಾಕ್‌ಐ ಗೋಡೆಯ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಿರುಗಿಸಿ, ಸಾವಿನ ತಾರೀಕನ್ನು 26 ಎಂದು ಬರೆಸುತ್ತಾನೆ.

ಇಂಗ್ಲಿಷ್ ವಿಮರ್ಶೆ 'ಭಾವುಕತೆ' ಎಂದು ಕರೆಯುವುದು ಇಂಥ ಪ್ರಸಂಗಗಳನ್ನೇ. ಆದರೆ ನಮ್ಮ ಮನೆಯಲ್ಲಿ ಈ ದೃಶ್ಯಕ್ಕೆ ವಿವರಣೆಯೇ ಬೇಕಾಗಲಿಲ್ಲ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ಆ ಮನೆತನಕ್ಕೆ ನಿಂತುಹೋಗುತ್ತದೆ ಎಂಬ ರೂಢಿ ನಮ್ಮ ಎಷ್ಟೋ ಕುಟುಂಬಗಳಲ್ಲಿದೆ. ಸತ್ತ ತಿಥಿ ವರ್ಷವರ್ಷವೂ ಹಿಂತಿರುಗುತ್ತದೆ. ತಾರೀಕು ಎಂಬುದು ದಾಖಲೆಯ ಅಂಕಿಯಾಗಿ ಮಾತ್ರ ಉಳಿಯುವುದಿಲ್ಲ, ಉಳಿದವರು ಆಚರಿಸಬೇಕಾದ ಕರ್ತವ್ಯವಾಗುತ್ತದೆ. ಗಡಿಯಾರದ ಮುಳ್ಳು ತಿರುಗಿಸಿದ ವೈದ್ಯನ ಸುಳ್ಳು ಆ ಮಕ್ಕಳಿಗೆ ಒಂದು ಹಬ್ಬವನ್ನು ಉಳಿಸಿಕೊಟ್ಟಿತು ಎಂಬುದನ್ನು ನಮ್ಮ ಹಿರಿಯರು ನಮಗಿಂತ ಮೊದಲು ಗ್ರಹಿಸಿದರು. ಒಂದು ಸಂಸ್ಕೃತಿಯಲ್ಲಿ ಅತಿಭಾವುಕವೆನಿಸುವ ಸಂಗತಿ ಇನ್ನೊಂದು ಸಂಸ್ಕೃತಿಯಲ್ಲಿ ವ್ಯವಹಾರಜ್ಞಾನವಾಗಿ ಕಾಣುತ್ತದೆ. 'ಇಳಿಗಾಲ'ದ ತೀರ್ಮಾನ ಭಾಷೆಯೊಂದರ ಒಳಗಿನ ತೀರ್ಮಾನ ಎಂದು ನಾವು ಹೇಳುವುದು ಈ ಅರ್ಥದಲ್ಲಿ.

4

ಗಡಿಯಾರದ ಈ ಪ್ರಸಂಗ ಕೊನೆಯ ಸರಣಿಗಳ ಮುಖ್ಯ ಆಶಯಕ್ಕೂ ದಾರಿ ತೋರುತ್ತದೆ. ಆ ಆಶಯ ಕಾಲ. ಹಾಸ್ಯ ಧಾರಾವಾಹಿಯ ಲೋಕದಲ್ಲಿ ಸಾಮಾನ್ಯವಾಗಿ ಕಾಲ ಚಲಿಸುವುದಿಲ್ಲ. ಕಂತಿನ ಕೊನೆಗೆ ಎಲ್ಲರೂ ಮೊದಲಿದ್ದಲ್ಲಿಗೆ ಮರಳಬೇಕು. ಈಟಿವಿ ಕನ್ನಡದಲ್ಲಿ ಮನೆಮಾತಾಗಿದ್ದ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಹಲವು ವರ್ಷಗಳ ಅಂತರದ ಬಳಿಕ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮತ್ತೆ ಆರಂಭವಾಗಲು ಸಾಧ್ಯವಾದುದು ಈ ಕಾರಣದಿಂದಲೇ. ಪಾಂಡುವಿನ ಪಾಡು ಮುಗಿಯುವಂಥದಲ್ಲ, ಆದುದರಿಂದ ಅದನ್ನು ಎಲ್ಲಿಂದಲಾದರೂ ಮುಂದುವರಿಸಬಹುದು.

'ಮ್ಯಾಶ್'ಗೆ ಈ ಸೌಲಭ್ಯವಿರಲಿಲ್ಲ. ಕೊರಿಯಾ ಯುದ್ಧ ನಡೆದದ್ದು 1950ರ ಜೂನ್‌ನಿಂದ 1953ರ ಜುಲೈವರೆಗೆ, ಮೂರು ವರ್ಷಕ್ಕೆ ತುಸು ಹೆಚ್ಚು. ಧಾರಾವಾಹಿ ನಡೆದದ್ದು ಹನ್ನೊಂದು ಸರಣಿ. ಪಂಚಾಂಗ ಒಡೆದುಹೋಯಿತು. ನಾಲ್ಕನೆಯ ಸರಣಿಯ ಪ್ರಕಾರ ಕರ್ನಲ್ ಪಾಟರ್ ಆಸ್ಪತ್ರೆಗೆ ಬಂದದ್ದು 1952ರ ಸೆಪ್ಟೆಂಬರಿನಲ್ಲಿ. ಒಂಬತ್ತನೆಯ ಸರಣಿಯ 'ಎ ವಾರ್ ಫಾರ್ ಆಲ್ ಸೀಸನ್ಸ್' ಕಂತಿನಲ್ಲಿ 1951ರ ಹೊಸವರ್ಷವನ್ನು ಸ್ವಾಗತಿಸುವವರೂ ಅವರೇ. ಇದನ್ನು ಲೇಖಕರ ಅಜಾಗ್ರತೆಯೆಂದು ಎಣಿಸುವುದು ಸುಲಭ. ಆದರೆ ಆ ಕಂತು ಒಂದು ಇಡೀ ವರ್ಷವನ್ನು ಅರ್ಧಗಂಟೆಯಲ್ಲಿ ಅಡಗಿಸುತ್ತದೆ; ಎಂಟನೆಯ ಸರಣಿಯ 'ಲೈಫ್ ಟೈಂ' ತೆರೆಯ ಮೂಲೆಯಲ್ಲಿ ಗಡಿಯಾರವಿಟ್ಟು, ಗಾಯಾಳುವಿನ ರಕ್ತನಾಳಕ್ಕೆ ಕಸಿ ದೊರೆಯಬೇಕಾದ ಅವಧಿಯನ್ನು ನಿಮಿಷ ನಿಮಿಷವಾಗಿ ಎಣಿಸುತ್ತದೆ. ಒಂದರಲ್ಲಿ ಕಾಲ ಹಾರುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಕೊನೆಯ ಸರಣಿಗಳು ಕಾಲ ನಿಂತ ಲೋಕವೊಂದಕ್ಕೆ ಕಾಲವನ್ನು ಬಲವಂತವಾಗಿ ತರುತ್ತಿವೆ. 1983ರಲ್ಲಿ ಆರಂಭವಾಗಿ 1985ಕ್ಕೆ ನಿಂತುಹೋದ 'ಆಫ್ಟರ್ ಮ್ಯಾಶ್' ಎಂಬ ಮುಂದುವರಿಕೆ ಸೋತದ್ದಕ್ಕೆ ಇದೂ ಒಂದು ಕಾರಣವಿರಬಹುದು. ಕಾಲ ಪ್ರವೇಶಿಸಿದ ಮೇಲೆ ಹಾಸ್ಯ ಧಾರಾವಾಹಿಗೆ ಮರಳಿ ಹೋಗಲು ಜಾಗವಿರುವುದಿಲ್ಲ.

5

ನಗುವಿನ ಧ್ವನಿಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಅಂದಿನ ಅಮೆರಿಕನ್ ರೂಢಿಯಂತೆ ವಾಹಿನಿ ಈ ಧಾರಾವಾಹಿಗೂ ಮುದ್ರಿತ ನಗುವನ್ನು ಸೇರಿಸಬೇಕೆಂದು ಪಟ್ಟು ಹಿಡಿಯಿತು. ನಿರ್ಮಾಪಕರಿಗೆ ಅದು ಇಷ್ಟವಿರಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯ ಕೊಠಡಿಯ ದೃಶ್ಯಗಳಲ್ಲಿ ನಗು ಇರಬಾರದೆಂಬ ಒಪ್ಪಂದವಾಯಿತು. ಬ್ರಿಟನ್ನಿನಲ್ಲಿ ಬಿ.ಬಿ.ಸಿ. ಇದನ್ನು ನಗುವಿಲ್ಲದೆಯೇ ಪ್ರಸಾರ ಮಾಡಿತು. ಡಿವಿಡಿಗಳಲ್ಲಿ ನಗುವನ್ನು ತೆಗೆದುಹಾಕಿ ನೋಡುವ ಅನುಕೂಲವಿದೆ. ಮನೆಯಲ್ಲಿ ನೋಡುವವರಿಗೆ ಇದು ಸಣ್ಣ ಸೌಲಭ್ಯವೆನಿಸಬಹುದು; ಆದರೆ ಕೃತಿಯ ಪಾಠಾಂತರವೊಂದು ಕೈಗೆಟುಕಿದಂತೆಯೇ ಸರಿ.

ಎರಡು ಪಾಠಗಳನ್ನೂ ಹೋಲಿಸಿದೆವು. ಮೊದಲ ಸರಣಿಗಳಲ್ಲಿ ನಗುವನ್ನು ತೆಗೆದಾಗ ಸಂಭಾಷಣೆಯ ನಡುವೆ ಬಿರುಕುಗಳು ಕಂಡವು, ನಟರು ಯಾರದೋ ನಗುವಿಗಾಗಿ ಕಾಯುತ್ತಿರುವಂತೆ ತೋರಿತು. ಕೊನೆಯ ಸರಣಿಗಳಲ್ಲಿ ತೆಗೆದಾಗ ಏನೂ ಕೊರತೆ ಕಾಣಲಿಲ್ಲ. ನಗು ಇದ್ದಾಗಲೇ ಅದು ಹೊರಗಿನದೆನಿಸುತ್ತಿತ್ತು. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಂಗಡಿಸುತ್ತದೆ: ತಾನೇ ನಗುವುದು, ಇನ್ನೊಬ್ಬರನ್ನು ನಗಿಸುವುದು. ಮುದ್ರಿತ ನಗು ಈ ಎರಡರಲ್ಲಿ ಯಾವುದಕ್ಕೂ ಸೇರದು. ಅದು ಪಾತ್ರದ್ದೂ ಅಲ್ಲ, ನಮ್ಮದೂ ಅಲ್ಲ. ನಮ್ಮ ಪರವಾಗಿ ಮೊದಲೇ ನಕ್ಕು ಮುಗಿಸಿದ ಅನ್ಯರದು. ಭಾಷೆಯ ಹೊರಗೆ ಕುಳಿತ ಪ್ರೇಕ್ಷಕನಿಗೆ ಈ ಅನ್ಯತೆ ಇನ್ನಷ್ಟು ತೀವ್ರ. ತನಗೆ ತಿಳಿಯದ ಮಾತಿಗೆ ಒಂದು ಗುಂಪು ನಗುತ್ತಿದೆ ಎಂಬ ಅನುಭವ ಹೊರನಾಡಿನಲ್ಲಿ ಬಾಳುವವರಿಗೆ ಹೊಸದೇನಲ್ಲ.

6

ಇಷ್ಟರಮಟ್ಟಿಗೆ ಕೊನೆಯ ಸರಣಿಗಳ ಪರವಾಗಿ ವಾದಿಸಿದ ಮೇಲೆ, ಅವುಗಳ ಮಿತಿಯನ್ನೂ ಗುರುತಿಸಬೇಕು. ಅದು ಸ್ಪಷ್ಟವಾಗುವುದು 1983ರ ಫೆಬ್ರವರಿ 28ರಂದು ಪ್ರಸಾರವಾದ ಎರಡೂವರೆ ಗಂಟೆಯ ಅಂತಿಮ ಕಂತಿನಲ್ಲಿ. ಅಮೆರಿಕದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಅದನ್ನು ನೋಡಿದರು.

ಕಂತು ತೆರೆದಾಗ ಹಾಕ್‌ಐ ಮಾನಸಿಕ ಚಿಕಿತ್ಸೆಯಲ್ಲಿದ್ದಾನೆ. ಕಡಲತೀರದ ವಿಹಾರದಿಂದ ಹಿಂತಿರುಗುತ್ತಿದ್ದ ಬಸ್ಸಿನಲ್ಲಿ ನಡೆದುದನ್ನು ಮನೋವೈದ್ಯ ಸಿಡ್ನಿ ಫ್ರೀಡ್‌ಮನ್ ಅವನಿಂದ ಹೊರಡಿಸಲು ಯತ್ನಿಸುತ್ತಾನೆ. ಶತ್ರುಸೈನ್ಯ ಸಮೀಪಿಸಿದಾಗ ಬಸ್ಸು ಮರೆಯಲ್ಲಿ ನಿಂತಿತ್ತು. ಹಿಂದಿನ ಆಸನದ ಕೊರಿಯನ್ ಹೆಂಗಸಿನ ಕೋಳಿ ಸದ್ದುಮಾಡುತ್ತಿತ್ತು. ಅದನ್ನು ಸುಮ್ಮನಾಗಿಸೆಂದು ಹಾಕ್‌ಐ ಗದರಿದನು. ಆಕೆ ಅದರ ಉಸಿರುಗಟ್ಟಿಸಿದಳು. ಮತ್ತೆ ಮತ್ತೆ ನೆನೆದ ಬಳಿಕ ಸತ್ಯ ಹೊರಬೀಳುತ್ತದೆ. ಅದು ಕೋಳಿಯಾಗಿರಲಿಲ್ಲ, ಆಕೆಯ ಕೂಸು. ಹನ್ನೊಂದು ಸರಣಿಗಳುದ್ದಕ್ಕೂ ಮಾತಿನಿಂದ ಎಲ್ಲವನ್ನೂ ತಮಾಷೆಯಾಗಿ ಪರಿವರ್ತಿಸಿದ ಮನುಷ್ಯನ ಮನಸ್ಸು ಕೊನೆಯ ಬಾರಿಗೆ ಪರಿವರ್ತಿಸಿದ್ದು ಕೂಸನ್ನು ಕೋಳಿಯಾಗಿ. ಹಾಸ್ಯವೇ ಇಲ್ಲಿ ಕಟಕಟೆಯಲ್ಲಿ ನಿಂತಿದೆ. ಧಾರಾವಾಹಿಯೊಂದು ತನ್ನ ಕಸುಬನ್ನು ತಾನೇ ಹೀಗೆ ವಿಚಾರಣೆಗೆ ಒಡ್ಡಿದ ಉದಾಹರಣೆಗಳು ವಿರಳ.

ಅದೇ ಕಂತಿನಲ್ಲಿ ವಿಂಚೆಸ್ಟರ್, ಶರಣಾಗತರಾದ ಐವರು ಚೀನೀ ವಾದ್ಯಗಾರರಿಗೆ ಮೊಟ್ಸಾರ್ಟನ ಕ್ಲಾರಿನೆಟ್ ಪಂಚವಾದ್ಯ ಕೃತಿಯನ್ನು ಕಲಿಸುತ್ತಾನೆ. ಅವರಿಗೂ ಅವನಿಗೂ ನಡುವೆ ಸಮಾನ ಭಾಷೆಯಿಲ್ಲ, ಸಂಗೀತವೊಂದೇ ಸೇತುವೆ. ಅವರೆಲ್ಲ ಗುಂಡಿನ ದಾಳಿಗೆ ಸಿಕ್ಕಿ ಸಾಯುತ್ತಾರೆ. ಸಂಗೀತ ಅವನಿಗೆ ಆಶ್ರಯವಾಗಿದ್ದುದು ಅಲ್ಲಿಗೆ ಮುಗಿಯುತ್ತದೆ.

ಬಸ್ಸಿನ ದೃಶ್ಯ ಮುಗಿದಾಗ ನಮ್ಮ ಮನೆಯ ಹಿರಿಯರೊಬ್ಬರು ಕೇಳಿದ ಪ್ರಶ್ನೆ ನಮ್ಮ ಇಡೀ ವಾದವನ್ನು ತಿದ್ದಿ ಮುಂದಕ್ಕೊಯ್ದಿತು: "ಆಕಿ ಏನಂದ್ಲು?" ಆ ತಾಯಿ ಏನೂ ಅನ್ನುವುದಿಲ್ಲ. ಆಕೆಗೆ ಹೆಸರಿಲ್ಲ, ಮಾತಿಲ್ಲ. ಚಿಕಿತ್ಸೆ ದೊರೆಯುವುದು ಕಂಡವನಿಗೆ. ಕಳೆದುಕೊಂಡವಳು ಬಸ್ಸಿನಲ್ಲಿಯೇ ಉಳಿಯುತ್ತಾಳೆ. ವಾದ್ಯಗಾರರೂ ಅಷ್ಟೆ, ವಿಂಚೆಸ್ಟರ್‌ನ ದುಃಖಕ್ಕೆ ಅವರು ಕಾರಣರು, ತಮ್ಮ ದುಃಖಕ್ಕೆ ಒಡೆಯರಲ್ಲ. ಕೊನೆಯ ಸರಣಿಗಳು ಭಾಷೆಯ ಗಡಿಯನ್ನು ಸುಲಭವಾಗಿ ದಾಟಿದುದಕ್ಕೆ ಇದೂ ಒಂದು ಕಾರಣವೆಂದು ಒಪ್ಪಬೇಕಾಗುತ್ತದೆ. ಮಾತಿಲ್ಲದವರನ್ನು ಅನುವಾದಿಸುವ ಕಷ್ಟವೇ ಇರುವುದಿಲ್ಲ. ಚಾಕೊಲೇಟಿನ ಕಂತಿನ ಅನಾಥಾಲಯದ ಮುಖ್ಯಸ್ಥ ನಮಗೆ ಹೆಚ್ಚು ಮೌಲಿಕವೆನಿಸುವುದು ಈ ಹಿನ್ನೆಲೆಯಲ್ಲಿ; ಅಲ್ಲಿ ಕೊರಿಯನ್ನನೊಬ್ಬ ಉತ್ತರ ಕೊಡುತ್ತಾನೆ, ಆ ಉತ್ತರ ಅಮೆರಿಕನ್ನನನ್ನು ಬದಲಿಸುತ್ತದೆ. ಹೆಚ್ಚು ಪ್ರಸಿದ್ಧವಾದ ಅಂತಿಮ ಕಂತಿಗಿಂತ ಆ ಅರ್ಧಗಂಟೆಯ ಕಂತು ಮೇಲಿನದು ಎಂಬುದು ನಮ್ಮ ಅಭಿಪ್ರಾಯ.

7

ಅಂತಿಮ ಕಂತಿನಲ್ಲಿ 1953ರ ಜುಲೈ 27ರ ಕದನವಿರಾಮದೊಂದಿಗೆ ಎಲ್ಲರೂ ಮನೆಗೆ ಹೊರಡುತ್ತಾರೆ. ಮನೆಗಾಗಿ ಅತಿಹೆಚ್ಚು ಹಂಬಲಿಸಿದ್ದ ಕ್ಲಿಂಗರ್ ಮಾತ್ರ, ತಾನು ವರಿಸುವ ಕೊರಿಯನ್ ಯುವತಿಯ ಕುಟುಂಬವನ್ನು ಹುಡುಕಲು ಅಲ್ಲಿಯೇ ಉಳಿಯುತ್ತಾನೆ. ಹಾಸ್ಯ ಧಾರಾವಾಹಿಗೆ ಇದು ಮುಕ್ತಾಯ. ಚರಿತ್ರೆಯಲ್ಲಿ 'ಮನೆಗೆ ಹೋಗುವವರು ಯಾರು' ಎಂಬ ಪ್ರಶ್ನೆ ಜಟಿಲವಾದದ್ದು ಅಂದಿನಿಂದಲೇ, ಮತ್ತು ಅಲ್ಲಿಂದ ಮುಂದಿನ ಕಥೆಯಲ್ಲಿ ನಮ್ಮವರಿದ್ದಾರೆ.

ಲೆ. ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ ಭಾರತೀಯ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರಿನಲ್ಲಿಯೇ ಕೊರಿಯಾ ತಲುಪಿತ್ತು. 1951ರ ಮಾರ್ಚಿನಲ್ಲಿ ಅದರ ವೈದ್ಯರು ಮುನ್ಸಾನ್ ಬಳಿ ಅಮೆರಿಕನ್ ಪಡೆಗಳೊಡನೆ ಪ್ಯಾರಾಚೂಟಿನಲ್ಲಿ ಇಳಿದು ಗಾಯಾಳುಗಳ ಶುಶ್ರೂಷೆ ಮಾಡಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು. ಕದನವಿರಾಮದ ಬಳಿಕ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆಯನ್ನು ನಿಭಾಯಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಕೆ.ಎಸ್. ತಿಮ್ಮಯ್ಯ; ಕೈದಿಗಳ ಕಾವಲಿಗೆ ಹೋದ ಭಾರತೀಯ ಪಡೆಯ ಮುಖ್ಯಸ್ಥರು ಮಹಾರಾಷ್ಟ್ರದ ಎಸ್.ಪಿ.ಪಿ. ಥೋರಾಟ್. ಅಲ್ಲಿ ಕೈದಿಗೂ ಅವನ ನಾಡಿನ ಪ್ರತಿನಿಧಿಗೂ ಮುಖಾಮುಖಿ ಮಾತು ನಡೆಯಬೇಕಿತ್ತು. ಮರಳುವೆಯಾ, ಇಲ್ಲವೇ ಎಂಬುದಕ್ಕೆ ಕೈದಿಯೇ ತನ್ನ ಬಾಯಿಂದ ಉತ್ತರಿಸಬೇಕಿತ್ತು. ಕೊನೆಗೆ ಎರಡೂ ಕಡೆಗೂ ಹೋಗಲೊಪ್ಪದ 88 ಮಂದಿ 1954ರಲ್ಲಿ ಭಾರತದ ಪಡೆಯೊಡನೆ ಇಲ್ಲಿಗೆ ಬಂದರು.

ಧಾರಾವಾಹಿ ಇದನ್ನು ತೋರಿಸಬೇಕಿತ್ತೆಂದು ನಾವು ವಾದಿಸುವುದಿಲ್ಲ. ಅಮೆರಿಕನ್ ಹಾಸ್ಯಕೃತಿಯೊಂದಕ್ಕೆ ಅಂಥ ಹೊಣೆ ಹೊರಿಸುವುದು ನ್ಯಾಯವಲ್ಲ. ಆದರೆ ಅದನ್ನು ಕನ್ನಡದಲ್ಲಿ ಹೇಳುವವರಿಗೆ ಈ ಸಂಗತಿ ತಿಳಿದಿರಬೇಕು. "ಆಕಿ ಏನಂದ್ಲು?" ಎಂಬ ಪ್ರಶ್ನೆಗೆ ತೆರೆಯ ಮೇಲೆ ಉತ್ತರವಿಲ್ಲದಿದ್ದರೂ, ಕೊರಿಯಾದ ಮನುಷ್ಯನೊಬ್ಬ ಏನೆನ್ನುತ್ತಾನೆಂದು ಕಾದು ಕೇಳುವ ಕೆಲಸವನ್ನು ಅಧಿಕೃತವಾಗಿ ವಹಿಸಿಕೊಂಡವರಲ್ಲಿ ಕೊಡಗಿನವರೊಬ್ಬರಿದ್ದರು.

ಹೊರನಾಡಿನ ಕನ್ನಡ ಸಂಶೋಧಕರು ಅನುವಾದವನ್ನು ಅಚ್ಚಾದ ಪುಸ್ತಕಗಳಲ್ಲಿ ಹುಡುಕುವುದು ರೂಢಿ. ಆದರೆ ಕರ್ನಾಟಕದ ಹೊರಗಿನ ಮನೆಗಳಲ್ಲಿ ದಿನದಿನವೂ ತೆರೆಯ ಮುಂದೆ ಒಂದು ಅಲಿಖಿತ ಅನುವಾದ ನಡೆಯುತ್ತಿರುತ್ತದೆ: ಮೊಮ್ಮಗ ಅಜ್ಜಿಗೆ ಹೇಳುತ್ತಾನೆ, ಸೊಸೆ ಮಾವನಿಗೆ ಹೇಳುತ್ತಾಳೆ. ಯಾವ ನಗೆ ದಾಟಿತು, ಯಾವುದು ದಾಟಲಿಲ್ಲ, ಎಲ್ಲಿ ಕೇಳುಗರು ಪ್ರಶ್ನೆ ಎತ್ತಿದರು ಎಂಬುದನ್ನು ಆ ಸಂದರ್ಭಗಳಲ್ಲಿಯೇ ಗುರುತಿಸಿಟ್ಟರೆ, ಕೃತಿಯ ಬಗೆಗೂ ನಮ್ಮ ಭಾಷೆಯ ಬಗೆಗೂ ತಿಳಿಯುವುದು ಬಹಳವಿದೆ. 'ಮ್ಯಾಶ್'ನ ಕೊನೆಯ ಸರಣಿಗಳನ್ನು ಅವುಗಳ ಮೂಲಭಾಷೆಯ ವಿಮರ್ಶೆ ಕೈಬಿಟ್ಟಲ್ಲಿಂದ ಎತ್ತಿಕೊಳ್ಳಲು ನಮಗೆ ಸಾಧ್ಯವಾದುದು ಇಂಥ ಹೇಳಿಕೆಯ ಮೂಲಕವೇ. ಅವುಗಳ ಮೌನ ಎಲ್ಲಿದೆಯೆಂದು ತಿಳಿದುದೂ ಹಾಗೆ ಕೇಳುತ್ತಿದ್ದವರಿಂದಲೇ.